ಯಾವ ‘ಸಾರಿ’?

ಇಂಗ್ಲಿಷಿನ ‘ಸಾರಿ’ ಈಗ ಕನ್ನಡದ್ದೇ ಪದ ಎನ್ನುವಷ್ಟು ನಮ್ಮ ಬಾಯಲ್ಲಿದೆ. ಬಸ್ಸಿನಲ್ಲಿ ಕಾಲು ತುಳಿದರೆ ಸಾರಿ. ಫೋನಿನಲ್ಲಿ ಮಾತು ಕೇಳಿಸದಿದ್ದರೆ ಸಾರಿ. ಸಾಲ ಕೇಳಿದವರಿಗೆ ಇಲ್ಲ ಎನ್ನುವುದಕ್ಕೂ ಸಾರಿ. ಸಾವಿನ ಸುದ್ದಿಗೂ ಸಾರಿ. ಈ ನಾಲ್ಕರಲ್ಲಿ ತಪ್ಪೊಪ್ಪಿಗೆ ಇರುವುದು ಮೊದಲನೆಯದರಲ್ಲಿ ಮಾತ್ರ.

ಹಳೆಯ ಇಂಗ್ಲಿಷಿನಲ್ಲಿ ಇದು ನೋವು, ಹುಣ್ಣು ಎಂಬ ಅರ್ಥದ ‘ಸೋರ್’ ಪದದ ಬಳಗಕ್ಕೆ ಸೇರಿದ್ದು. ಅಂದರೆ ಮೂಲದಲ್ಲಿ ಅದು ಹೇಳುತ್ತಿದ್ದುದು ‘ನನಗೆ ನೋವಾಗಿದೆ’ ಎಂದಷ್ಟೇ. ‘ತಪ್ಪು ನನ್ನದು’ ಎಂಬ ಅರ್ಥ ಆಮೇಲೆ ಬಂದು ಸೇರಿಕೊಂಡಿತು. ನೋವು ಮತ್ತು ತಪ್ಪು ಒಂದೇ ಪದದಲ್ಲಿ ಇದ್ದಾಗ, ಹೇಳುವವನು ಯಾವುದನ್ನು ಹೇಳುತ್ತಿದ್ದಾನೆ?

ಈ ಪ್ರಶ್ನೆಯ ಸುತ್ತ ಒಂದು ದೇಶವೇ ವರ್ಷಗಟ್ಟಲೆ ವಾದ ಮಾಡಿದೆ. ಆಸ್ಟ್ರೇಲಿಯಾದಲ್ಲಿ ಸುಮಾರು 1970ರವರೆಗೂ ಸರ್ಕಾರಗಳು ಮೂಲನಿವಾಸಿಗಳ ಮಕ್ಕಳನ್ನು ಕುಟುಂಬಗಳಿಂದ ಕಿತ್ತು ಬೇರೆಡೆ ಇಟ್ಟವು. 1997ರ ವಿಚಾರಣಾ ವರದಿ ಅಧಿಕೃತ ಕ್ಷಮಾಪಣೆ ಆಗಬೇಕೆಂದಿತು. ಪ್ರಧಾನಿ ಜಾನ್ ಹೋವರ್ಡ್ ಒಪ್ಪಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಇಂದಿನವರು ಅಪರಾಧ ಹೊರಬೇಕಿಲ್ಲ ಎಂಬುದು ಅವರ ವಾದ. 1999ರಲ್ಲಿ ಸಂಸತ್ತು ‘ವಿಷಾದ’ ಸೂಚಿಸಿತು, ‘ಸಾರಿ’ ಎನ್ನಲಿಲ್ಲ. ಅಷ್ಟರಲ್ಲಿ ಸಾಮಾನ್ಯ ಜನ ‘ಸಾರಿ ಬುಕ್’ ಎಂಬ ಪುಸ್ತಕಗಳಿಗೆ ಸಾವಿರಾರು ಸಂಖ್ಯೆಯಲ್ಲಿ ಸಹಿ ಹಾಕಿದ್ದರು.

ಹೋವರ್ಡ್ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಮಾಡದ ತಪ್ಪಿಗೆ ಯಾರೂ ತಪ್ಪಿತಸ್ಥರಲ್ಲ. ಆದರೆ ತಪ್ಪು ಮತ್ತು ಮರುಕ ಇವೆರಡೇ ದಾರಿಗಳೇ? ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಒಂದು ಉದಾಹರಣೆ ಕೊಟ್ಟರು. ತನ್ನದೇನೂ ತಪ್ಪಿಲ್ಲದಿದ್ದರೂ ಲಾರಿ ಚಾಲಕನೊಬ್ಬನ ಗಾಡಿಗೆ ಮಗು ಸಿಕ್ಕಿ ಸಾಯುತ್ತದೆ. ಅವನ ಸಂಕಟ ದಾರಿಯಲ್ಲಿ ನಿಂತು ನೋಡಿದವರ ಸಂಕಟದಂಥದ್ದಲ್ಲ. ‘ನಿಂದೇನು ತಪ್ಪು, ಬಿಡಪ್ಪಾ’ ಎಂದು ನಾವು ಸಮಾಧಾನ ಹೇಳುತ್ತೇವೆ. ಆದರೆ ಆ ಮಾತಿಗೆ ಅವನು ಥಟ್ಟನೆ ಹಗುರಾಗಿಬಿಟ್ಟರೆ ನಮಗೇ ಕಸಿವಿಸಿ.

ಸಹಿ ಹಾಕಿದವರು ಆ ಚಾಲಕರೂ ಅಲ್ಲ. ಆದರೆ ಸರ್ಕಾರದ ವಿಷಯ ಬೇರೆ. ಹಿಂದಿನ ಸರ್ಕಾರದ ಸಾಲ ತೀರಿಸುವ, ಅದರ ಒಪ್ಪಂದಗಳನ್ನು ಪಾಲಿಸುವ ಸರ್ಕಾರ, ಅದರ ಅನ್ಯಾಯ ಮಾತ್ರ ನನ್ನದಲ್ಲ ಎನ್ನುವುದು ಹೇಗೆ? 2008ರ ಫೆಬ್ರವರಿ 13ರಂದು ಕೆವಿನ್ ರಡ್ ಸಂಸತ್ತಿನಲ್ಲಿ ‘ಸಾರಿ’ ಎಂದರು. ಪರಿಹಾರಧನದ ಮಾತನ್ನು ಮಾತ್ರ ಅವರ ಸರ್ಕಾರ ತಳ್ಳಿಹಾಕಿತ್ತು. ಕೇಂದ್ರದ ಆಡಳಿತಕ್ಕೊಳಪಟ್ಟಿದ್ದ ಪ್ರದೇಶಗಳ ಸಂತ್ರಸ್ತರಿಗೆ ಯೋಜನೆ ಘೋಷಣೆಯಾದದ್ದು 2021ರಲ್ಲಿ.

ಕನ್ನಡದಲ್ಲಿ ಇಂಥ ನುಣುಚಾಟವಿಲ್ಲ ಎಂದು ಬೀಗುವಂತಿಲ್ಲ. ‘ತಪ್ಪಾಯ್ತು’ ಎನ್ನುತ್ತೇವೆ, ಮಳೆಯಾಯ್ತು ಎಂಬ ಹಾಗೆ, ಮಾಡಿದವರಿಲ್ಲದೆ. ‘ಕ್ಷಮಿಸಿ’ ಮಾತ್ರ ಬೇರೆ ಜಾತಿಯ ಪದ. ಅದು ನನ್ನ ಮನಸ್ಥಿತಿಯ ವರದಿಯಲ್ಲ, ಎದುರಿನವರಲ್ಲಿ ಒಂದು ಬೇಡಿಕೆ. ಅವರು ಆಗದು ಎನ್ನಬಹುದು.

ಆಸ್ಟ್ರೇಲಿಯಾದ ಮೂಲನಿವಾಸಿಗಳ ಇಂಗ್ಲಿಷಿನಲ್ಲಿ ‘ಸಾರಿ ಬಿಸಿನೆಸ್’ ಎಂದರೆ ಸಾವಿನ ಮನೆಯ ಆಚರಣೆ. ಬಂಧುಗಳು ದೂರದಿಂದ ಬಂದು, ಬೇರೆ ಕೆಲಸ ಬಿಟ್ಟು, ದುಃಖದಲ್ಲಿರುವವರ ಜೊತೆ ಇರುತ್ತಾರೆ. ಅಲ್ಲಿ ಸಾರಿ ಎನ್ನುವುದು ಹೇಳಿ ಹೊರಟುಬಿಡುವ ಮಾತಲ್ಲ. ಸಂಸತ್ತಿನ ‘ಸಾರಿ’ಯನ್ನು ಕೇಳಿಸಿಕೊಂಡವರು ಈ ಅರ್ಥವನ್ನೂ ಬಲ್ಲವರು.