ಕೊಟ್ಟ ಮರಿ ಕುಲಕ್ಕೆ ಹೊರಗೇ?

ಕೊಡುವುದರಲ್ಲಿ ನಮ್ಮ ಹೆಂಗಸರನ್ನು ಮೀರಿಸುವವರಿಲ್ಲ. ಮನೆಗೆ ಬಂದವರಿಗೆ ಕುಂಕುಮದ ಜೊತೆ ರವಿಕೆ ಕಣ ಕೊಡುತ್ತೇವೆ, ಹಿತ್ತಲಿನ ಕರಿಬೇವಿನ ಸಸಿ ಕೊಡುತ್ತೇವೆ, ಬೇಡವೆಂದರೂ ಒಂದಿಷ್ಟು ಬುದ್ಧಿಮಾತನ್ನೂ ಕೊಟ್ಟು ಕಳಿಸುತ್ತೇವೆ. ಕೊಟ್ಟ ಮೇಲೆ ಅದು ಏನಾಯಿತೆಂದು ವಿಚಾರಿಸುವುದು ಮರ್ಯಾದೆಯಲ್ಲ. ನಾನು ಕೊಟ್ಟ ರವಿಕೆ ಕಣ ನಾಲ್ಕು ಮನೆ ಸುತ್ತಿ ಮುಂದಿನ ಗೌರಿ ಹಬ್ಬಕ್ಕೆ ನನ್ನ ಮಡಿಲಿಗೇ ಬಂದರೂ ನಕ್ಕು ಸುಮ್ಮನಾಗುತ್ತೇನೆ. ಆದರೆ ಈ ಶಾಸ್ತ್ರವೆಲ್ಲ ಬೆಕ್ಕಿನ ಮರಿಯ ಮುಂದೆ ನಿಲ್ಲುವುದಿಲ್ಲ. ಜೀವವಿರುವುದನ್ನು ಕೊಟ್ಟಾಗ ಕೈ ಖಾಲಿಯಾಗುತ್ತದೆಯೇ ಹೊರತು ಹೊಣೆ ಖಾಲಿಯಾಗುವುದಿಲ್ಲ.

ನನ್ನ ತವರು ಮಲೆನಾಡು. ಅಲ್ಲಿ ಬೆಕ್ಕನ್ನು ದುಡ್ಡು ಕೊಟ್ಟು ತಂದವರನ್ನು ನಾನು ಕಾಣೆ. ಅಟ್ಟದ ಮೇಲೆ ಭತ್ತ, ಅಡಿಕೆ ಇದ್ದ ಮೇಲೆ ಇಲಿ ಇದ್ದದ್ದೇ. ಯಾರ ಮನೆಯ ಬೆಕ್ಕು ಮರಿ ಹಾಕಿದೆ ಎಂಬ ಸುದ್ದಿ ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ಹೋಗುತ್ತಿತ್ತು. ಕೇಳಲು ಬಂದವರ ಮಾತು ಮಾತ್ರ ಯಾವಾಗಲೂ ಒಂದೇ: ‘ಗಂಡು ಮರಿ ಇದ್ದರೆ ನಮಗೊಂದು ಇಟ್ಟಿರಿ ಅಮ್ಮ.’ ಬಿಳಿ, ಕಪ್ಪು, ಕೆಂಚು ಮೂರೂ ಬಣ್ಣ ಬೆರೆತ ಚೆಂದದ ಮರಿಯನ್ನು ಎತ್ತಿ ಮುದ್ದಾಡಿದವರು ಅದು ಹೆಣ್ಣೆಂದು ತಿಳಿದೊಡನೆ ಕೆಳಗಿಡುತ್ತಿದ್ದರು. ಆ ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಎಂಬುದು ಆಮೇಲೆ ಓದಿ ತಿಳಿದ ಸಂಗತಿ. ಕೊನೆಗೆ ಉಳಿದ ಹೆಣ್ಣು ಮರಿಗಳು ಒಂದು ಗೋಣಿಚೀಲದಲ್ಲಿ ಸಂತೆಯ ಕಡೆಗೋ ಹೊಳೆಯಾಚೆಗೋ ಹೋಗುತ್ತಿದ್ದವು. ಗಂಡು ಮರಿಯ ವಿಷಯಕ್ಕೆ ‘ಕೊಟ್ಟೆವು’ ಎನ್ನುತ್ತಿದ್ದರು, ಹೆಣ್ಣು ಮರಿಯ ವಿಷಯಕ್ಕೆ ‘ಬಿಟ್ಟೆವು’. ಎರಡು ಕ್ರಿಯಾಪದಗಳ ನಡುವೆ ಎಷ್ಟು ದೊಡ್ಡ ವ್ಯತ್ಯಾಸ ಅಡಗಿದೆ ಎಂದು ನಾನು ಕಲಿತದ್ದು ವ್ಯಾಕರಣದ ಪುಸ್ತಕದಿಂದಲ್ಲ.

ಬಿಡುವುದು ಈಗ ಅಪರಾಧ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ, ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ತೊರೆಯುವಂತಿಲ್ಲ. ಆದರೆ ಬೇಡದವರ ಕೈಗೆ ಚೆಂದದ ರಿಬ್ಬನ್ ಕಟ್ಟಿ ಕೊಟ್ಟರೆ? ಅದಕ್ಕೆ ಯಾವ ಕಾನೂನೂ ಇಲ್ಲ. ಅಲ್ಲಿ ನಮ್ಮ ಮನಸ್ಸೇ ನ್ಯಾಯಾಧೀಶ. ಎಷ್ಟೋ ಸಲ ನಾವು ‘ಉಡುಗೊರೆ’ ಎನ್ನುವುದು ಗೋಣಿಚೀಲದ ಇನ್ನೊಂದು ಹೆಸರಾಗಿರುತ್ತದೆ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆಲ್ಲ ಗೊತ್ತು. ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯ ಮನೆಮನೆಗೂ ಬೆಕ್ಕು ಹಂಚುತ್ತಾನೆ, ಅದರ ಹಾಲಿಗೆಂದು ಹಸುವನ್ನೂ ಕೊಡುತ್ತಾನೆ. ರಾಮಕೃಷ್ಣ ಕುದಿಯುವ ಹಾಲನ್ನು ಮುಂದಿಡುತ್ತಾನೆ. ಬಾಯಿ ಸುಟ್ಟ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತದೆ, ಹಾಲೆಲ್ಲ ಅವನ ಮನೆಯವರ ಪಾಲಾಗುತ್ತದೆ. ತರಗತಿಯಲ್ಲಿ ಈ ಕತೆ ಹೇಳಿದಾಗ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಬೆಕ್ಕಿನ ನಾಲಿಗೆ ವಾಸಿಯಾಯ್ತಾ ಮಿಸ್?’ ಎಂದು ಕೇಳಿದ. ನಗು ನಿಂತಿತು. ಪಾಪ, ರಾಜ ಬಹಳ ಯೋಚಿಸಿಯೇ ಕೊಟ್ಟಿದ್ದ. ಖರ್ಚಿಗೆ ದಾರಿ ಮಾಡಿದ, ಬೆಕ್ಕುಗಳು ಹೇಗಿವೆಯೆಂದು ತಿರುಗಿ ಕರೆಸಿಯೂ ನೋಡಿದ. ‘ನಿನಗೆ ಬೇಕೇನಪ್ಪ?’ ಎಂಬ ಒಂದು ಮಾತನ್ನು ಮಾತ್ರ ಕೇಳಲಿಲ್ಲ.

ಮೂರು ವರ್ಷದ ಹಿಂದೆ ಸೆಪ್ಟೆಂಬರ್ 5ರಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಶಿಕ್ಷಕರ ದಿನಾಚರಣೆಯ ಕಾಣಿಕೆಯಾಗಿ ನನ್ನ ಮೇಜಿನ ಮೇಲೆ ಶೂ ಡಬ್ಬವೊಂದನ್ನು ಇಟ್ಟಳು. ಒಳಗೆ ಅಂಗೈಯಗಲದ ಮರಿ. ‘ಇದರ ಅಮ್ಮ ಎಲ್ಲಮ್ಮಾ?’ ಎಂದೆ. ‘ಮನೇಲಿ ಹುಡುಕ್ತಾ ಇದೆ ಮಿಸ್’ ಎಂದಳು. ಅವಳ ಮುಖದಲ್ಲಿದ್ದ ಸಂಭ್ರಮವನ್ನು ಹೇಗೆ ಮುರಿಯಲಿ? ‘ನಿನ್ನ ಉಡುಗೊರೆ ನನಗೆ ಬಹಳ ಇಷ್ಟವಾಯಿತು. ಇನ್ನೊಂದು ತಿಂಗಳು ಇದು ನಿಮ್ಮ ಮನೆಯಲ್ಲೇ ಅಮ್ಮನ ಹಾಲು ಕುಡಿಯಲಿ, ಆಮೇಲೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ’ ಎಂದು ಅವಳ ಜೊತೆಯೇ ಹೋಗಿ ಬಿಟ್ಟುಬಂದೆ. ತಾಯಿ ಬೆಕ್ಕು ಓಡಿಬಂದು ಮರಿಯನ್ನು ನೆತ್ತಿಯಿಂದ ಬಾಲದವರೆಗೆ ನೆಕ್ಕಿದ್ದನ್ನು ಅವಳೂ ನೋಡಿದಳು. ಒಂದು ಪಾಠಕ್ಕೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ದಾನ ಕೊಟ್ಟ ದನದ ಹಲ್ಲು ಎಣಿಸಬಾರದು ಎನ್ನುತ್ತಾರೆ ಹಿರಿಯರು. ಬೆಕ್ಕಿನ ಮರಿಯ ವಿಷಯದಲ್ಲಿ ಕೊಡುವವರೇ ಹಲ್ಲು ನೋಡಬೇಕು. ಹಾಲುಹಲ್ಲುಗಳೆಲ್ಲ ಬರುವ ಹೊತ್ತಿಗೆ, ಅಂದರೆ ಸುಮಾರು ಎಂಟು ವಾರಕ್ಕೆ, ಮರಿ ತಾಯಿಯ ಹಾಲು ಬಿಟ್ಟು ತಾನೇ ತಿನ್ನಲು ಕಲಿತಿರುತ್ತದೆ. ಅದಕ್ಕೆ ಮೊದಲು ಬೇರ್ಪಡಿಸುವುದು ಅನ್ಯಾಯ. ಕೊಡುವಾಗ ಮರಿಯ ಜೊತೆಗೆ ತಿಳಿವಳಿಕೆಯನ್ನೂ ಕೊಡಬೇಕು. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ಮಾಡಿಸುತ್ತದೆ. ಬರಿ ಮೊಸರನ್ನದಲ್ಲಿ ಬೆಕ್ಕು ಬದುಕಲಾರದು. ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಅಂಶವಿಲ್ಲದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಗಾಗಿ ಮೊಟ್ಟೆಯನ್ನೂ ಒಳಗೆ ತರದ ಮನೆಯವರು ಇದನ್ನು ಮೊದಲೇ ಯೋಚಿಸಬೇಕು. ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಅದಕ್ಕೆ ವಿಷ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚೆನ್ನಾಗಿ ನೋಡಿಕೊಂಡರೆ ಅದು ಹದಿನೈದು ವರ್ಷವಾದರೂ ಬದುಕೀತು. ಒಂದನೆಯ ತರಗತಿಯ ಮಗುವಿಗೆ ಕೊಟ್ಟ ಮರಿ, ಆ ಮಗು ಪದವಿ ಮುಗಿಸುವವರೆಗೂ ಮನೆಯಲ್ಲಿರುತ್ತದೆ.

ಆ ಹದಿನೈದು ವರ್ಷದ ಚಾಕರಿ ಯಾರದು? ಮರಿ ಬರುವುದು ಮಗುವಿನ ಹೆಸರಿಗೆ, ಕೆಲಸ ಬರುವುದು ತಾಯಿಯ ಪಾಲಿಗೆ. ಹುಟ್ಟುಹಬ್ಬದ ದಿನ ಬೆರಗುಗೊಳಿಸಬೇಕೆಂದು ಚಿಕ್ಕಪ್ಪನೋ ಮಾವನೋ ಮರಿ ತಂದು ಮಗುವಿನ ಮಡಿಲಿಗೆ ಹಾಕಿ ಚಪ್ಪಾಳೆ ಗಿಟ್ಟಿಸುತ್ತಾರೆ. ಮರುದಿನ ಬೆಳಿಗ್ಗೆ ಸೋಫಾದ ಕೆಳಗೆ ಬಟ್ಟೆ ಹಿಡಿದು ಬಗ್ಗುವವಳು ಬೇರೆ. ಆದ್ದರಿಂದ ಯಾರಾದರೂ ಮರಿ ಬೇಕೆಂದು ಬಂದರೆ ನಾನು ನೇರ ಅಡುಗೆಮನೆಗೆ ಹೋಗಿ ಆ ಮನೆಯೊಡತಿಯನ್ನು ಒಬ್ಬಳನ್ನೇ ಕೇಳುತ್ತೇನೆ: ‘ನಿಜ ಹೇಳಿ, ನಿಮಗೆ ಬೇಕಾ?’ ಒಬ್ಬಾಕೆ ಕಣ್ಣು ತುಂಬಿಕೊಂಡು, ‘ಹಾಸಿಗೆ ಹಿಡಿದ ಅತ್ತೆ ಇದ್ದಾರೆ ಟೀಚರ್, ಇನ್ನೊಂದು ಜೀವ ನನ್ನಿಂದಾಗದು’ ಎಂದರು. ಅಲ್ಲಿ ಕೊಡದೇ ಬಂದದ್ದೇ ನಾನು ಅವರಿಗೆ ಕೊಟ್ಟ ಉಡುಗೊರೆ.

ಶೂ ಡಬ್ಬದ ಮರಿ ನನ್ನ ಮನೆಗೆ ಬಂದು ಚುಕ್ಕಿಯಾಯಿತು, ಒಂದು ಸಲ ಮೂರು ಮರಿ ಹಾಕಿತು. ಮೂರನ್ನೂ ಕೇಳಿ ವಿಚಾರಿಸಿಯೇ ಕೊಟ್ಟೆ. ವರ್ಷದೊಳಗೆ ಒಂದು ಮನೆಯವರಿಗೆ ದೂರದೂರಿಗೆ ವರ್ಗವಾಯಿತು. ಆ ಮನೆಯಾಕೆ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ನನಗೆ ಅವರ ಮೇಲೆ ಗೌರವ ಹೆಚ್ಚಿತು. ಬೀದಿಯಲ್ಲಿ ಬಿಟ್ಟು ಲಾರಿ ಹತ್ತಬಹುದಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಎಷ್ಟು ಹೆಣ್ಣುಮಕ್ಕಳಿಗೆ ತಿರುಗಿ ಬರುವ ದಾರಿಯನ್ನು ಮುಚ್ಚಿದೆಯೋ ಲೆಕ್ಕವಿಲ್ಲ. ಆ ಗಾದೆಯನ್ನು ಬೆಕ್ಕಿನ ಮರಿಗೂ ಅನ್ವಯಿಸಲು ನನಗೆ ಮನಸ್ಸಿಲ್ಲ. ಈಗ ನನ್ನ ಷರತ್ತು ಇಷ್ಟೇ: ಸಾಕಲಾಗದಿದ್ದರೆ ನಾಚಿಕೆಪಡದೆ ನನಗೇ ತಂದುಕೊಡಿ. ನನಗೆ ಅದರ ಮೇಲೆ ಹಕ್ಕಿಲ್ಲ, ಹೊಣೆ ಮಾತ್ರ ಉಂಟು.

ಚುಕ್ಕಿಗೆ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು, ಒಂಬತ್ತು ವಾರಕ್ಕೆ ಹೆರುತ್ತದೆ. ‘ಅದರ ತಾಯ್ತನ ಕಿತ್ತುಕೊಳ್ಳಲು ನೀವ್ಯಾರು?’ ಎಂದು ಗೆಳತಿಯೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಹೆರುವ ಹಕ್ಕನ್ನು ಎತ್ತಿಹಿಡಿದು ಹುಟ್ಟಿದವನ್ನು ಗೋಣಿಚೀಲಕ್ಕೆ ತುಂಬುವ ಧರ್ಮ ನನಗೆ ಅರ್ಥವಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ಅನುಕೂಲ ಬಂದ ಮೇಲೆ ‘ಹೆಣ್ಣು ಮರಿ ಬೇಡ’ ಎನ್ನಲು ಕಾರಣವೂ ಉಳಿದಿಲ್ಲ. ಬಾಯಿಂದ ಆ ಮಾತು ಮಾತ್ರ ಇನ್ನೂ ಹೋಗಿಲ್ಲ.

ನನಗೀಗ ಐವತ್ತಾರು. ಚುಕ್ಕಿಗೆ ಹದಿನೈದಾಗುವಾಗ ನನಗೆ ಅರವತ್ತೆಂಟು. ನಾನಿಲ್ಲದಿದ್ದರೆ ಅದನ್ನು ಯಾರು ನೋಡಿಕೊಳ್ಳಬೇಕೆಂದು ತಂಗಿಯ ಮಗಳ ಹತ್ತಿರ ಮಾತಾಡಿಟ್ಟಿದ್ದೇನೆ. ‘ಏನು ದೊಡ್ಡಮ್ಮ, ಬೆಕ್ಕಿಗೆ ಉಯಿಲು ಬರೀತೀರಾ?’ ಎಂದು ಅವಳು ನಕ್ಕಳು. ನಕ್ಕರೂ, ಹೂಂ ಎಂದಳು. ಕೇಳಿ, ಒಪ್ಪಿಸಿ ಕೊಡುವುದರಲ್ಲಿ ಬೆರಗೇನೂ ಇಲ್ಲ. ಆದರೆ ರಾತ್ರಿ ಚುಕ್ಕಿ ಕಾಲ ಬಳಿ ಮುದುರಿ ಗುರುಗುಟ್ಟುವಾಗ ನನಗೆ ಸಿಗುವ ನೆಮ್ಮದಿ ಅದರಿಂದಲೇ ಬಂದದ್ದು.