ಸೊಲ್ಲು ಎತ್ತದವಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಹುಡುಗಿ ಮೈನೆರೆದಾಗ ಹೇಳುವ ಒಸಗೆ ಹಾಡನ್ನು ಪುಸ್ತಕದಲ್ಲಿ ಓದಿದರೆ ಬೇಸರವಾಗಬಹುದು. ಒಂದು ಸಾಲು, ಸೋಬಾನೆ. ಇನ್ನೊಂದು ಸಾಲು, ಮತ್ತೆ ಸೋಬಾನೆ. ಸಾಲು ಬದಲಾಗುವುದೂ ಅಷ್ಟಕ್ಕಷ್ಟೆ: ತಾಯಿ ಇದ್ದ ಜಾಗಕ್ಕೆ ಅತ್ತಿಗೆ, ಅತ್ತಿಗೆ ಇದ್ದ ಜಾಗಕ್ಕೆ ಸೋದರಮಾವ.

ಇಂದಿನ ಕವಿತೆ ಹದಿಹರೆಯದ ಒಂಟಿತನವನ್ನು ಹೇಳುವಾಗ ಒಂದೇ ದನಿ ತನ್ನ ಮಾತನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತದೆ. ಉತ್ತರ ಬಾರದ್ದರಿಂದಲೇ ಮಾತು ಮರಳುತ್ತದೆ. ಒಸಗೆಯಲ್ಲಿ ಹಾಗಲ್ಲ, ಒಬ್ಬಾಕೆ ಎತ್ತಿಕೊಟ್ಟ ಸೊಲ್ಲಿಗೆ ಹತ್ತಾರು ಹೆಂಗಸರು ದನಿಗೂಡಿಸುತ್ತಾರೆ. ಒಂಟಿತನಕ್ಕೆ ಇದೇ ಮದ್ದು ಎಂದು ನಾನೂ ಬಹುಕಾಲ ತಿಳಿದಿದ್ದೆ.

ಆದರೆ ಆ ನಡುವೆ ಸುಮ್ಮನೆ ಕೂತವಳೊಬ್ಬಳಿದ್ದಾಳೆ. ಸೋದರಮಾವ ಹಾಕಿದ ಹಸಿ ಸೊಪ್ಪಿನ ಗುಡ್ಲು, ತಿನ್ನಲು ಕೊಬ್ಬರಿ, ಎಳ್ಳುಬೆಲ್ಲದ ಚಿಗಳಿ, ಎಲ್ಲವೂ ಅವಳಿಗಾಗಿಯೇ. ಸೊಲ್ಲು ಮಾತ್ರ ಅವಳು ಎತ್ತುವುದಿಲ್ಲ. ನೆಂಟರೆಲ್ಲ ಸರದಿಯಂತೆ ಹಾಡಿನೊಳಗೆ ಬಂದುಹೋಗುತ್ತಾರೆ, ಮಾತಾಡುವ ಸರದಿ ಅವಳಿಗೆ ಬರುವುದೇ ಇಲ್ಲ. ಪ್ರತಿ ಸೋಬಾನೆಯೂ ಅವಳ ಮೌನವನ್ನು ಇನ್ನೊಮ್ಮೆ ಎಣಿಸಿದಂತೆ ಕೇಳುತ್ತದೆ.

ಇದು ನಾನು ಹೊರಗಿನಿಂದ ಹೇರಿದ ಅರ್ಥವೇ? ಹಾಡುವ ಅಜ್ಜಿಯರು ಕೇಳಿದರೆ ನಕ್ಕಾರು: ಉಸಿರು ಎಳೆದುಕೊಳ್ಳಲು, ಮುಂದಿನ ಸಾಲು ನೆನಪಿಗೆ ಬರಲು ಸೊಲ್ಲು ಬೇಕು, ಅಷ್ಟೇ. ಒಪ್ಪುತ್ತೇನೆ. ಖುಷಿಯಿಂದ ಕೂತ ಹುಡುಗಿಯರೂ ಇದ್ದಾರು. ಅವಳ ಪರವಾಗಿ ನಾನು ದುಃಖಪಡುವುದೂ ಅವಳ ಬಾಯಿಂದ ಮಾತು ಕಸಿದಂತೆಯೇ.

ಆದರೂ ಇಲ್ಲಿನ ಕಾಡುಗೊಲ್ಲರ ಹಟ್ಟಿಗಳನ್ನು ನೆನೆದರೆ ಪ್ರಶ್ನೆ ಬಿಡುವುದಿಲ್ಲ. ಜುಂಜಪ್ಪ ಎಂಬ ದನಗಾಹಿ ವೀರನ ಕತೆಯನ್ನು ಅವರು ಗಣೆಯ ದನಿಯೊಂದಿಗೆ ರಾತ್ರಿಯೆಲ್ಲ ಹಾಡಬಲ್ಲರು. ಹುಡುಗಿ ದೊಡ್ಡವಳಾದದ್ದಕ್ಕೆ ಒಂದು ಹೊತ್ತಿನ ಹಾಡು. ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗಿರಬೇಕೆಂಬ ಕಟ್ಟಳೆ ಕೆಲವೆಡೆ ಇನ್ನೂ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗೆ, ಗುಡಿಸಲಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡು ಸುದ್ದಿಯಾಯಿತು.

ಒಸಗೆಯ ಹಾಡು ಬಾಳಿನಲ್ಲಿ ಒಂದೇ ಸಲ. ಆ ಸೊಪ್ಪಿನ ಗುಡ್ಲೂ ಒಣಗಿಹೋಗುತ್ತದೆ. ಹಟ್ಟಿಯಾಚೆಯ ಗುಡ್ಲು ಮಾತ್ರ ತಿಂಗಳು ತಿಂಗಳೂ ಮರಳುತ್ತದೆ. ಆಗ ಸೋಬಾನೆ ಎನ್ನುವವರಿಲ್ಲ. ಪುನರಾವರ್ತನೆಯನ್ನು ನಾನು ಹಾಡಿನೊಳಗೆ ಹುಡುಕುತ್ತಿದ್ದೆ, ಅದು ಹಾಡು ಮುಗಿದ ಮೇಲೆ ಶುರುವಾಗುವಂಥದ್ದು.

ಅಂದು ದನಿಗೂಡಿಸಿದ ಹೆಂಗಸರಲ್ಲಿ ಮುಂದಿನ ತಿಂಗಳು ಅವಳ ಬಳಿ ಯಾರು ಹೋಗುತ್ತಾರೆ? ಅವರೂ ಅದೇ ಗುಡ್ಲಲ್ಲಿ ಕೂತು ಬಂದವರು.