ಬರಿಯ ಇರವಿನ ಹೊಣೆ

ಕೈಯೆತ್ತಿ ಹೊಡೆದವನೊಬ್ಬನೇ ಕೊಲೆಗೆ ಹೊಣೆಯೆ, ಸುಮ್ಮನೆ ಅಲ್ಲಿ ಇದ್ದವನಿಗೂ ಅದರಲ್ಲಿ ಪಾಲುಂಟೆ? ಇಂಥ ಪ್ರಶ್ನೆಗಳನ್ನು ನಾವು ಧರ್ಮಗ್ರಂಥಗಳಲ್ಲಿ ಹುಡುಕುವುದು ವಾಡಿಕೆ. ಈ ಸಲ ಅದು ನಮಗೆ ಎದುರಾದುದು ಒಂದು ಅದ್ಭುತ ಕಾದಂಬರಿಯಲ್ಲಿ.

ಅಮೆರಿಕದ ಲೇಖಕಿ ಎಮ್ಮಾ ಬುಲ್ 1987ರಲ್ಲಿ ಪ್ರಕಟಿಸಿದ ‘ವಾರ್ ಫಾರ್ ದಿ ಓಕ್ಸ್’ ಆಕೆಯ ಮೊದಲ ಕಾದಂಬರಿ. ಕಾಡುಮೇಡುಗಳಲ್ಲಿಯೂ ಹಳೆಯ ರಾಜ್ಯಗಳಲ್ಲಿಯೂ ಅಡಗಿದ್ದ ಯಕ್ಷಕಿನ್ನರರನ್ನು ಇಂದಿನ ಪೇಟೆಬೀದಿಗೆ ತಂದು ನಿಲ್ಲಿಸಿದ ಆರಂಭದ ಕೃತಿಗಳಲ್ಲಿ ಇದು ಮುಖ್ಯವಾದುದು. ಈ ಬಗೆಯ ಕಥೆ ಬರೆದ ಮುಂದಿನವರಲ್ಲಿ ಹಲವರು ಇದೇ ಜಾಡನ್ನು ಹಿಡಿದರು. ಕಥೆ ನಡೆಯುವುದು ಮಿನ್ನೆಸೋಟ ಸಂಸ್ಥಾನದ ಮಿನಿಯಾಪೊಲಿಸ್ ನಗರದಲ್ಲಿ. ಗಿಟಾರ್ ವಾದಕಿಯೂ ಹಾಡುಗಾರ್ತಿಯೂ ಆದ ಎಡ್ಡಿ ಮೆಕ್ಯಾಂಡ್ರಿ ಒಂದು ರಾತ್ರಿ ಒಂಟಿಯಾಗಿ ಮನೆಗೆ ಹಿಂದಿರುಗುತ್ತಿರುವಾಗ, ನಾಯಿಯೂ ಮನುಷ್ಯನೂ ಆಗಬಲ್ಲ ಫೂಕಾ ಎಂಬ ಕಾಮರೂಪಿ ಆಕೆಯ ಬೆನ್ನುಹತ್ತುತ್ತಾನೆ. ಆ ನಗರಕ್ಕಾಗಿ ಅಮರರ ಎರಡು ಆಸ್ಥಾನಗಳು ಕಾದಾಡಲಿವೆ. ಆದರೆ ಮರ್ತ್ಯರೊಬ್ಬರು ರಣದಲ್ಲಿ ಇದ್ದರಷ್ಟೇ ಅಮರರಿಗೆ ಅಲ್ಲಿ ಸಾವು. ಅದಕ್ಕಾಗಿ ಎಡ್ಡಿ ಬೇಕು. ಆಕೆ ಕತ್ತಿ ಹಿಡಿಯಬೇಕಾಗಿಲ್ಲ, ಇದ್ದರೆ ಸಾಕು.

ಈ ‘ಇದ್ದರೆ ಸಾಕು’ ಎಂಬುದು ನಮ್ಮನ್ನು ಬಹಳ ಕಾಡಿತು. ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ಶಿಖಂಡಿಯ ನೆನಪಾಗದಿರದು. ಭೀಷ್ಮನು ಬಿಲ್ಲನ್ನು ಇಳಿಸಿದುದು ಶಿಖಂಡಿಯ ಬಾಣಕ್ಕೆ ಬೆದರಿ ಅಲ್ಲವಷ್ಟೆ, ಅವನು ಎದುರಿಗೆ ನಿಂತನೆಂದು. ಆದರೆ ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಅಂಬೆಯ ಹಗೆ ಜನ್ಮವನ್ನೇ ದಾಟಿ ತಾನಾಗಿ ರಣಕ್ಕೆ ಬಂದಿತ್ತು. ಎಡ್ಡಿಯನ್ನು ಯಾರೂ ಕೇಳಲಿಲ್ಲ. ಒಪ್ಪಿಗೆಯಿಲ್ಲದೆ ಎಳೆತಂದವಳ ಮೇಲೆ ಹೊಣೆ ಹೊರಿಸುವುದು ನ್ಯಾಯವೆ? ಅಲ್ಲವೆಂದೇ ನಮ್ಮ ಮೊದಲ ಉತ್ತರ. ಆಯ್ಕೆಯಿಲ್ಲದಲ್ಲಿ ಪಾಪವಿಲ್ಲವೆಂದು ತರಗತಿಯಲ್ಲಿ ನಾವೇ ಎಷ್ಟೋ ಸಲ ಹೇಳಿದ್ದೇವೆ. ಹೇಳುವುದು ಸುಲಭ.

ಮಿನ್ನೆಹಾಹಾ ಜಲಪಾತದ ಬಳಿಯ ಕಾಳಗದಲ್ಲಿ ಎಡ್ಡಿ ಸಾವನ್ನು ಕಣ್ಣಾರೆ ಕಾಣುತ್ತಾಳೆ. ತಾನು ಅಲ್ಲಿಲ್ಲದಿದ್ದರೆ ಅವರು ಸಾಯುತ್ತಿರಲಿಲ್ಲವೆಂಬುದನ್ನು ಯಾವ ತರ್ಕವೂ ಅಳಿಸಲಾರದು. ತಪ್ಪು ಆಕೆಯದೆನ್ನಲು ಬಾರದು; ತನಗೆ ಸಂಬಂಧವಿಲ್ಲವೆಂದು ಆಕೆ ಎದ್ದುಹೋಗಲೂ ಬಾರದು. ಅಪರಾಧ ಬೇರೆ, ಹೊಣೆ ಬೇರೆ ಎಂದು ನಾವು ವಿಂಗಡಿಸಬೇಕಾಗುವುದು ಇಲ್ಲಿಯೇ. ಮಾಡದ ತಪ್ಪಿಗೆ ಎಡ್ಡಿಯನ್ನು ದಂಡಿಸುವಂತಿಲ್ಲ, ನಿಜ. ಆದರೂ ತನ್ನ ಇರವಿನಿಂದ ಏನಾಗುವುದೆಂದು ತಿಳಿದ ಗಳಿಗೆಯಿಂದ, ಆ ಇರವನ್ನು ಹೇಗೆ ಬಳಸಬೇಕೆಂಬುದು ಆಕೆಗೇ ಬಿಟ್ಟದ್ದು. ಬೇರೆಯವರ ಯುದ್ಧಕ್ಕೆ ಸಲಕರಣೆಯಾಗಿ ಬಂದವಳು ಕೊನೆಗೆ ತಾನೇ ಎದುರಾಳಿಯಾಗಿ, ಕೇಡಿನ ಪಾಳೆಯದ ರಾಣಿಯನ್ನು ಸಂಗೀತದ ಸ್ಪರ್ಧೆಗೆ ಕರೆಯುತ್ತಾಳೆ. ಅದು ನಡೆಯುವುದು ಫಸ್ಟ್ ಅವೆನ್ಯೂ ಎಂಬ ಕ್ಲಬ್ಬಿನಲ್ಲಿ. ಇದು ಆ ಊರಿನಲ್ಲಿ ನಿಜವಾಗಿಯೂ ಇರುವ ಸ್ಥಳ. ಎಡ್ಡಿ ಗೆಲ್ಲುತ್ತಾಳೆ. ಸತ್ತವರು ಮಾತ್ರ ಏಳುವುದಿಲ್ಲ.

ಒಂದು ಅನುಮಾನ ನಮ್ಮಲ್ಲಿ ಉಳಿದಿದೆ. ಆಕೆ ಸೋತಿದ್ದರೆ ಆಕೆಯ ಹೊಣೆಯ ವಿಚಾರವಾಗಿ ನಾವು ಇಷ್ಟೇ ಮೃದುವಾಗಿ ಮಾತಾಡುತ್ತಿದ್ದೆವೆ? ಇಲ್ಲವೆಂದೇ ತೋರುತ್ತದೆ.